ಬಂಡಾಯವನ್ನೇ ಹೆಸರಾಗಿಸಿಕೊಂಡ ಹಾಡುಗಾರ ಗದ್ದರ್

ಮುಂಬಯಿ, ಪುಣೆ, ದಿಲ್ಲಿಯ ಕನ್ನಡಿಗರ ಕಿವಿಗೆ 'ಗದ್ದಾರ್' ಎಂಬ ಶಬ್ದ ಬಿದ್ದರೆ ಥಟ್ಟನೆ ಹೊಳೆಯುವ ಅರ್ಥ 'ದ್ರೋಹಿ'. ಹಿಂದಿ ಸಿನಿಮಾದ ಸಂಭಾಷಣೆಗಳಲ್ಲಿ ಈ ಮಾತನ್ನು ಕೇಳದವರಿಲ್ಲ. ಆದರೆ ಹೈದರಾಬಾದಿನ ಕನ್ನಡಿಗರನ್ನು ಕೇಳಿ ನೋಡಿ. ಅವರ ಕಣ್ಣ ಮುಂದೆ ಬರುವುದು ಬೇರೆಯೇ ಚಿತ್ರ. ಹೆಗಲ ಮೇಲೊಂದು ಕರಿ ಕಂಬಳಿ, ಮೊಣಕಾಲ ಮೇಲೆ ಬಿಗಿದ ಪಂಚೆ, ಕೈಯಲ್ಲಿ ಕೆಂಪು ಬಟ್ಟೆ ಸುತ್ತಿದ ಕೋಲು, ಕಾಲಿಗೆ ಗೆಜ್ಜೆ. ವೇದಿಕೆಗೆ ಬಂದು ಆತ ಒಮ್ಮೆ ದನಿ ಎತ್ತಿದರೆ ಸಾವಿರಾರು ಜನ ತಾವೂ ದನಿಗೂಡಿಸುತ್ತಿದ್ದರು. ಅವರೇ ಗದ್ದರ್.

ಈ ಹೆಸರಿನ ಮೂಲದಲ್ಲಿರುವುದು ದ್ರೋಹವಲ್ಲ, 'ಗದರ್' ಅಂದರೆ ಬಂಡಾಯ. 1913ರಲ್ಲಿ ಅಮೆರಿಕದಲ್ಲಿ ದುಡಿಯುತ್ತಿದ್ದ ಭಾರತೀಯರು, ಅದರಲ್ಲೂ ಹೆಚ್ಚಾಗಿ ಪಂಜಾಬಿನಿಂದ ಹೋದವರು, ಬ್ರಿಟಿಷರ ವಿರುದ್ಧ ಕಟ್ಟಿದ ಪಕ್ಷದ ಹೆಸರು ಗದರ್ ಪಕ್ಷ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ಪರನೆಲದಲ್ಲಿ ನಿಂತು ತಾಯ್ನೆಲದ ಬಿಡುಗಡೆಗಾಗಿ ಕಟ್ಟಿದ ಸಂಘಟನೆ ಅದು. ಆ ಹೆಸರನ್ನು ತೆಲಂಗಾಣದ ಬಡ ದಲಿತ ಮನೆಯ ಹುಡುಗನೊಬ್ಬ ತನ್ನ ಮೊದಲ ಹಾಡುಗಳಿಗೆ ಇಟ್ಟ. ಜನ ಆ ಹೆಸರನ್ನು ಹಾಡುಗಾರನಿಗೇ ಕೊಟ್ಟುಬಿಟ್ಟರು. ಗುಮ್ಮಡಿ ವಿಠಲರಾವ್ ಎಂಬ ಹುಟ್ಟು ಹೆಸರು ದಾಖಲೆಗಳಲ್ಲಷ್ಟೇ ಉಳಿಯಿತು.

2023ರ ಆಗಸ್ಟ್ 6ರಂದು ಹೈದರಾಬಾದಿನಲ್ಲಿ ಗದ್ದರ್ ಇಹಲೋಕ ತ್ಯಜಿಸಿದರು. ಅವರ ಬೆನ್ನುಹುರಿಯ ಬಳಿ ಇಪ್ಪತ್ತಾರು ವರ್ಷಗಳಿಂದ ಉಳಿದುಕೊಂಡಿದ್ದ ಒಂದು ಗುಂಡೂ ಅವರೊಂದಿಗೇ ಮಣ್ಣು ಸೇರಿತು. ಯಾವ ಸರಕಾರಿ ವ್ಯವಸ್ಥೆಯ ವಿರುದ್ಧ ಅವರು ಅರ್ಧ ಆಯುಷ್ಯ ಹಾಡಿದರೋ ಅದೇ ವ್ಯವಸ್ಥೆ ಅವರಿಗೆ ಸರಕಾರಿ ಗೌರವದ ವಿದಾಯ ನೀಡಿತು. ಇದು ಹೇಗಾಯಿತು, ಆದದ್ದು ಸರಿಯೇ ಎಂಬ ಪ್ರಶ್ನೆಗಳು ಇಂದಿಗೂ ಮುಗಿದಿಲ್ಲ. ಅವುಗಳಿಗೆ ಉತ್ತರ ಹುಡುಕುವ ಮುನ್ನ ಆ ಬದುಕನ್ನೊಮ್ಮೆ ಮೊದಲಿನಿಂದ ನೋಡಬೇಕು.

ತೂಪ್ರಾನಿನ ಹುಡುಗ

ಗದ್ದರ್ ಹುಟ್ಟಿದ್ದು 1949ರಲ್ಲಿ, ಮೆದಕ್ ಜಿಲ್ಲೆಯ ತೂಪ್ರಾನಿನಲ್ಲಿ. ತಂದೆ ಶೇಷಯ್ಯ, ತಾಯಿ ಲಚ್ಚುಮಮ್ಮ. ಅಂದು ಅದು ಹೈದರಾಬಾದ್ ರಾಜ್ಯ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿದ್ದರೂ 1956ರ ಭಾಷಾವಾರು ವಿಂಗಡಣೆಯವರೆಗೆ ತೆಲುಗರ ಮೆದಕ್, ವಾರಂಗಲ್, ನಲ್ಗೊಂಡ, ಕನ್ನಡಿಗರ ಬೀದರ್, ಗುಲ್ಬರ್ಗ, ರಾಯಚೂರು, ಮರಾಠಿಗರ ಔರಂಗಾಬಾದ್ ಎಲ್ಲವೂ ಒಂದೇ ರಾಜ್ಯದಲ್ಲಿದ್ದವು. ದೊಡ್ಡ ಜಮೀನುದಾರರ ದರ್ಪ, ಬಿಟ್ಟಿ ದುಡಿಮೆ, ಉರ್ದು ಆಡಳಿತ, ಇವೆಲ್ಲ ಮೂರೂ ಭಾಷೆಯವರ ಸಮಾನ ಅನುಭವ. ಆದ್ದರಿಂದಲೇ ಕಲ್ಯಾಣ ಕರ್ನಾಟಕದ ಹಿರಿಯರಿಗೆ ಗದ್ದರ್ ಹಾಡಿನ ಭಾಷೆ ತೆಲುಗಾದರೂ ಅದರೊಳಗಿನ ನೋವು ಪರಭಾಷೆಯದು ಎನಿಸುವುದಿಲ್ಲ.

ಹೊಲದ ಕೂಲಿ ಮಾಡುವ ಹೆಂಗಸರು ನಾಟಿ ಹಾಕುವಾಗ, ಕಳೆ ಕೀಳುವಾಗ ಹಾಡಿಕೊಳ್ಳುತ್ತಿದ್ದ ಪದಗಳ ನಡುವೆ ಈ ಹುಡುಗ ಬೆಳೆದ. ಮುಂದೆ ತಾಯಿಯ ಲಚ್ಚುಮಮ್ಮ ಎಂಬ ಹೆಸರನ್ನೇ ಹೊತ್ತ ಹೆಣ್ಣೊಬ್ಬಳನ್ನು ಕುರಿತು ಅವರು ಕಟ್ಟಿದ ಹಾಡು ತೆಲುಗು ನಾಡಿನ ಊರೂರಿಗೂ ಹಬ್ಬಿತು. ಓದಿನಲ್ಲಿ ಚುರುಕಾಗಿದ್ದ ವಿಠಲರಾವ್ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಸೇರಿದರು. 1969ರಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ವಿದ್ಯಾರ್ಥಿಗಳ ಚಳವಳಿ ಭುಗಿಲೆದ್ದಾಗ ಅವರೂ ಅದಕ್ಕೆ ಧುಮುಕಿದರು. ಎಂಜಿನಿಯರಿಂಗ್ ಓದು ಪೂರ್ಣವಾಗಲಿಲ್ಲ.

ಆ ದಿನಗಳಲ್ಲಿ ಸಿಕಂದರಾಬಾದಿನ ಅಲ್ವಾಲ್ ಭಾಗದಲ್ಲಿ ಬಿ. ನರಸಿಂಗರಾವ್ ಎಂಬ ಯುವ ಕಲಾವಿದರು 'ಆರ್ಟ್ ಲವರ್ಸ್' ಎಂಬ ಸಂಘ ಕಟ್ಟಿದ್ದರು. ಮುಂದೆ ಇವರೇ 'ದಾಸಿ'ಯಂಥ ಚಿತ್ರಗಳ ನಿರ್ದೇಶಕರಾಗಿ ಹೆಸರಾದರು. ಈ ಗೆಳೆಯರ ಒತ್ತಾಸೆಯಿಂದ ವಿಠಲರಾವ್ ಬೀದಿಯ ಬದುಕಿನ ಬಗ್ಗೆಯೇ ಹಾಡು ಬರೆಯತೊಡಗಿದರು. ಆರಂಭದ ಹಾಡುಗಳಲ್ಲಿ ಒಂದು ರಿಕ್ಷಾ ತುಳಿಯುವವನ ಕುರಿತದ್ದು. ಇಡೀ ದಿನ ಬೆವರು ಸುರಿಸಿದರೂ ಹೊಟ್ಟೆ ತುಂಬದ ಅವನನ್ನು ನಿಲ್ಲಿಸಿ, ಅವನ ಕಷ್ಟದ ಲೆಕ್ಕವನ್ನು ಅವನಿಗೇ ತಿಳಿಹೇಳುವ ಹಾಡು. 1972ರಲ್ಲಿ ಈ ಬಳಗ 'ಜನ ನಾಟ್ಯ ಮಂಡಳಿ'ಯಾಯಿತು.

ಬ್ಯಾಂಕಿನ ಗುಮಾಸ್ತ

ಹೊರನಾಡ ಕನ್ನಡಿಗರಿಗೆ ಕುತೂಹಲದ ಸಂಗತಿಯೊಂದಿದೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ಕೆನರಾ ಬ್ಯಾಂಕ್ ನಮ್ಮ ಎಷ್ಟೋ ಕುಟುಂಬಗಳನ್ನು ಊರು ಬಿಡಿಸಿ ಮಹಾನಗರಗಳಿಗೆ ತಂದು ನೆಲೆಗೊಳಿಸಿದ ಸಂಸ್ಥೆ. ಕನ್ನಡ ಸಂಘಗಳ ಹಳೆಯ ಪದಾಧಿಕಾರಿಗಳಲ್ಲಿ ಬ್ಯಾಂಕ್ ನೌಕರರಿಗೆ ಕೊರತೆಯಿಲ್ಲ. ಅದೇ ಬ್ಯಾಂಕಿನಲ್ಲಿ 1975ರಲ್ಲಿ ನೇಮಕಾತಿ ಪರೀಕ್ಷೆ ಪಾಸು ಮಾಡಿ ಗುಮಾಸ್ತರಾಗಿ ಸೇರಿದವರು ಗದ್ದರ್. ಹಗಲು ಲೆಡ್ಜರು, ಸಂಜೆಯಾದರೆ ಗೆಜ್ಜೆ. ಸುಮಾರು ಒಂಬತ್ತು ವರ್ಷ ಹೀಗೇ ನಡೆಯಿತು. ಮದುವೆಯಾಗಿ ಮಕ್ಕಳೂ ಆದರು. ತಿಂಗಳ ಸಂಬಳ, ವಯಸ್ಸಾದರೆ ಪಿಂಚಣಿ, ಒಂದು ಬಡ ಕುಟುಂಬ ತಲೆಮಾರುಗಳಿಂದ ಕಾಣದ ಭದ್ರತೆ. ಅದನ್ನು 1984ರಲ್ಲಿ ತೊರೆದು ಅವರು ಪೂರ್ಣಾವಧಿ ಹಾಡುಗಾರರಾದರು. ಬ್ಯಾಂಕ್ ಕೆಲಸದ ಬೆಲೆ ಏನೆಂದು ಬಲ್ಲವರಿಗೆ ಆ ರಾಜೀನಾಮೆಯ ಬೆಲೆಯೂ ತಿಳಿಯುತ್ತದೆ.

ನೌಕರಿಯಲ್ಲಿದ್ದಾಗಲೇ ಅವರನ್ನು ಇಡೀ ತೆಲುಗು ನಾಡಿಗೆ ಪರಿಚಯಿಸಿದ್ದು 1979ರ 'ಮಾ ಭೂಮಿ' ಚಿತ್ರ. ಕೃಷನ್ ಚಂದರ್ ಅವರ ಉರ್ದು ಕಾದಂಬರಿಯನ್ನು ಆಧರಿಸಿ ಗೌತಮ್ ಘೋಷ್ ನಿರ್ದೇಶಿಸಿದ, ನರಸಿಂಗರಾವ್ ನಿರ್ಮಾಪಕರಲ್ಲೊಬ್ಬರಾಗಿದ್ದ ಈ ಚಿತ್ರ 1940ರ ದಶಕದ ತೆಲಂಗಾಣ ರೈತ ಸಶಸ್ತ್ರ ಹೋರಾಟದ ಕಥೆ. ಅದರಲ್ಲಿ ಗದ್ದರ್ ಹಾಡಿಕೊಂಡು ಕುಣಿಯುವ ದೃಶ್ಯವನ್ನು ಇಂದಿಗೂ ಜನ ಹುಡುಕಿ ನೋಡುತ್ತಾರೆ. ಆ ಹಾಡು ಗದ್ದರ್ ಬರೆದದ್ದಲ್ಲ, ಆ ಹೋರಾಟದ ಕಾಲದ ಕವಿ ಬಂಡಿ ಯಾದಗಿರಿಯವರದ್ದು. ಹಿಂದಿನವರ ಹಾಡಿಗೆ ತನ್ನ ಕಾಲದ ಉಸಿರು ತುಂಬುವುದು ಗದ್ದರ್ ಅವರ ಮೊದಲ ಶಕ್ತಿಯಾಗಿತ್ತು.

ಜನರಿಂದ ಪಡೆದು ಜನರಿಗೇ

ಗದ್ದರ್ ಹಾಡುಗಳ ಗುಟ್ಟೇನು? ಶಾಸ್ತ್ರೀಯ ಸಂಗೀತದ ಪಾಠ ಅವರಿಗೆ ಬಂಡವಾಳವಾಗಿರಲಿಲ್ಲ. ಜನ ನಾಟ್ಯ ಮಂಡಳಿಯ ಪದ್ಧತಿಯೇ ವಿಶಿಷ್ಟವಾದದ್ದು. ಒಂದು ಊರಿಗೆ ಹೋದರೆ ಮೊದಲು ಆ ಊರಿನ ಕೂಲಿಗಳ, ಬೀಡಿ ಕಟ್ಟುವವರ, ಗಣಿ ಕಾರ್ಮಿಕರ ಕಷ್ಟ ಕೇಳುವುದು. ಅವರು ಆಡುವ ಮಾತನ್ನು ಹಾಗೆಯೇ ಹೆಕ್ಕಿಕೊಳ್ಳುವುದು. ಅವರಿಗೆ ತೊಟ್ಟಿಲಿನಿಂದಲೇ ಗೊತ್ತಿರುವ ಧಾಟಿಯೊಂದನ್ನು ತೆಗೆದುಕೊಂಡು ಹೊಸ ಮಾತನ್ನು ಅದಕ್ಕೆ ಕೂರಿಸುವುದು. ಕೇಳುವವರಿಗೆ ಧಾಟಿ ಮೊದಲೇ ಗೊತ್ತಿರುವುದರಿಂದ ಎರಡನೇ ಸಾಲಿಗೆ ಅವರೂ ಹಾಡತೊಡಗುತ್ತಾರೆ. ಹಾಡು ಮುಗಿದು ತಂಡ ಊರು ಬಿಟ್ಟ ಮೇಲೂ ಹಾಡು ಅಲ್ಲೇ ಉಳಿಯುತ್ತದೆ.

ವೇಷವೂ ಹಾಗೆಯೇ. ತೆಲುಗರು 'ಗೊಂಗಡಿ' ಎನ್ನುವ ಕಂಬಳಿ ಕುರಿಗಾಹಿಯದು. ಡಪ್ಪು ಎಂದರೆ ನಮ್ಮ ಹಲಗೆ, ತಮಟೆ. ಊರಿನ ಸಾವಿಗೂ ಜಾತ್ರೆಗೂ ಅದನ್ನು ಬಾರಿಸುತ್ತಿದ್ದ ಕೈಗಳಿಗೆ ಊರೊಳಗೆ ಮಾತ್ರ ಜಾಗವಿರಲಿಲ್ಲ. ಆ ವಾದ್ಯವನ್ನು ವೇದಿಕೆಯ ನಡುಮಧ್ಯೆ ತಂದು ನಿಲ್ಲಿಸಿದ್ದೇ ದೊಡ್ಡ ಮಾತಾಯಿತು. ಬುರ್ರಕಥೆ, ಒಗ್ಗು ಕಥೆ, ಬಯಲಾಟದಂಥ ಹಳೆಯ ಪ್ರಕಾರಗಳಿಂದ ಕಥೆ ಹೇಳುವ ರೀತಿಯನ್ನು ಅವರು ಪಡೆದರು. ಹಾಡುತ್ತಾ ಹಾಡುತ್ತಾ ತಟ್ಟನೆ ನಿಲ್ಲಿಸಿ ಮಾತಿಗಿಳಿಯುವುದು, ಪಕ್ಕದ ಹಾಡುಗಾರನನ್ನು ಪ್ರಶ್ನಿಸುವುದು, ನಗಿಸುತ್ತಲೇ ಕಣ್ಣಲ್ಲಿ ನೀರು ತರಿಸುವುದು, ಇವು ನಮ್ಮ ಗೀಗೀ ಮೇಳದವರನ್ನು, ಬಳ್ಳಾರಿ ಸೀಮೆಯ ಬುರ್ರಕಥೆಯ ನಾಡೋಜ ದರೋಜಿ ಈರಮ್ಮನವರನ್ನು ಕೇಳಿದವರಿಗೆ ಹೊಸದೇನಲ್ಲ.

ಈ ದಾರಿಯಲ್ಲಿ ಅವರು ಮೊದಲಿಗರೂ ಅಲ್ಲ, ಒಂಟಿಯೂ ಅಲ್ಲ. ಬುರ್ರಕಥೆಯ ಶೇಖ್ ನಾಜರ್ 1940ರ ದಶಕದಲ್ಲೇ ಪ್ರಜಾ ನಾಟ್ಯ ಮಂಡಳಿಯ ಮೂಲಕ ಇದೇ ಕೆಲಸ ಮಾಡಿದ್ದರು. ಉತ್ತರ ಆಂಧ್ರದ ವಂಗಪಂಡು ಪ್ರಸಾದರಾವ್ ಗದ್ದರ್ ಅವರ ಜೊತೆಗಾರರಾಗಿ ಜನ ನಾಟ್ಯ ಮಂಡಳಿಯನ್ನು ಬೆಳೆಸಿದರು. ಮುಂಬಯಿಯ ಕಾರ್ಮಿಕ ಬೀದಿಗಳಲ್ಲಿ ಶಾಹೀರ್ ಅಮರ್ ಶೇಖ್, ಅಣ್ಣಾಭಾವು ಸಾಠೆಯವರು ಮರಾಠಿಯಲ್ಲಿ ಹಾಡಿದ್ದೂ ಈ ಜಾಡಿನಲ್ಲೇ. ಕರ್ನಾಟಕದಲ್ಲಿ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ, ಸಮುದಾಯ ತಂಡ, 1979ರಲ್ಲಿ ಸಂಘಟಿತವಾದ ಬಂಡಾಯ ಸಾಹಿತ್ಯ ಚಳವಳಿ ಕಾಣಿಸಿಕೊಂಡವು. ಕವಿ ಸಿದ್ಧಲಿಂಗಯ್ಯನವರ ಪದ್ಯಗಳು ಮೆರವಣಿಗೆಗಳಲ್ಲಿ ಹಾಡಾಗಿ ಹರಿದವು. 'ಗದರ್' ಎಂಬ ಮಾತಿಗೆ ಕನ್ನಡದಲ್ಲಿ ಸರಿಯಾದ ಶಬ್ದ 'ಬಂಡಾಯ'ವೇ. ಒಂದೇ ಕಾಲದಲ್ಲಿ ಎರಡು ನೆರೆ ಭಾಷೆಗಳು ಒಂದೇ ಮಾತಿಗೆ ಮೊರೆಹೋದದ್ದು ಗಮನಾರ್ಹ.

ಕಾಡಿನ ದಾರಿ

ಆದರೆ ಒಂದು ವ್ಯತ್ಯಾಸವಿತ್ತು, ಅದನ್ನು ಮುಚ್ಚಿಟ್ಟು ಗದ್ದರ್ ಕಥೆ ಹೇಳಲಾಗದು. ಅವರ ಹಾಡು ಬಂದೂಕಿನ ರಾಜಕೀಯಕ್ಕೂ ದನಿಯಾಗಿತ್ತು. 1980ರಲ್ಲಿ ಕೊಂಡಪಲ್ಲಿ ಸೀತಾರಾಮಯ್ಯನವರ ನೇತೃತ್ವದಲ್ಲಿ 'ಪೀಪಲ್ಸ್ ವಾರ್' ನಕ್ಸಲ್ ಪಕ್ಷ ರೂಪುಗೊಂಡಿತು. ಜನ ನಾಟ್ಯ ಮಂಡಳಿ ಅದರ ಸಾಂಸ್ಕೃತಿಕ ಅಂಗವೆಂದೇ ಹೆಸರಾಯಿತು. ಹಾಡು ಕೇಳಿ ಮನೆ ಬಿಟ್ಟು ಕಾಡು ಸೇರಿದ ಯುವಕ ಯುವತಿಯರಿದ್ದರು. ಅವರಲ್ಲಿ ಎಷ್ಟೋ ಮಂದಿ ಮರಳಿ ಬರಲಿಲ್ಲ. ಅವರ ಗುಂಡಿಗೆ ಬಲಿಯಾದ ಪೊಲೀಸರು, ಊರಿನವರು, ರಾಜಕೀಯ ಕಾರ್ಯಕರ್ತರೂ ಮನೆಗೆ ಮರಳಲಿಲ್ಲ.

1985ರ ಜುಲೈನಲ್ಲಿ ಪ್ರಕಾಶಂ ಜಿಲ್ಲೆಯ ಕಾರಂಚೇಡಿನಲ್ಲಿ ದಲಿತರ ಹತ್ಯಾಕಾಂಡ ನಡೆಯಿತು. ಅದನ್ನು ಪ್ರತಿಭಟಿಸಿ ಗದ್ದರ್ ಊರೂರು ಹಾಡಿದರು. ಪೊಲೀಸರ ಒತ್ತಡ ಹೆಚ್ಚಿತು. ಅದೇ ವರ್ಷ ಅವರು ಭೂಗತರಾದರು. ಮುಂದಿನ ಸುಮಾರು ಐದು ವರ್ಷ ಅವರ ವೇದಿಕೆ ಕಾಡು. ಆಂಧ್ರ, ಒಡಿಶಾ, ಮಧ್ಯಪ್ರದೇಶ, ಮಹಾರಾಷ್ಟ್ರದ ಗಡಿ ಅಡವಿಗಳ ಆದಿವಾಸಿ ಹಳ್ಳಿಗಳಲ್ಲಿ ಜನ ನಾಟ್ಯ ಮಂಡಳಿ ಹಾಡಿತು. ಇತ್ತ ಪೇಟೆಯಲ್ಲಿ ಅವರ ಕ್ಯಾಸೆಟ್ಟುಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಮನುಷ್ಯ ಕಣ್ಣಿಗೆ ಬೀಳದಿದ್ದರೂ ದನಿ ಮನೆಮನೆಯಲ್ಲಿತ್ತು.

1990ರಲ್ಲಿ ಮರ್ರಿ ಚೆನ್ನಾರೆಡ್ಡಿಯವರ ಸರಕಾರ ನಿರ್ಬಂಧಗಳನ್ನು ಸಡಿಲಿಸಿದಾಗ ಗದ್ದರ್ ಹೊರಬಂದರು. ಆ ಫೆಬ್ರುವರಿಯಲ್ಲಿ ಹೈದರಾಬಾದಿನ ನಿಜಾಂ ಕಾಲೇಜು ಮೈದಾನದಲ್ಲಿ ಅವರನ್ನು ನೋಡಲು, ಕೇಳಲು ಕಿಕ್ಕಿರಿದ ಜನಸಾಗರವನ್ನು ನಗರದ ಹಳಬರು ಇಂದಿಗೂ ನೆನೆಯುತ್ತಾರೆ. ಆದರೆ ಆ ಸಡಿಲಿಕೆ ಹೆಚ್ಚು ಕಾಲ ಬಾಳಲಿಲ್ಲ. 1992ರಲ್ಲಿ ಪೀಪಲ್ಸ್ ವಾರ್ ಮೇಲೆ ನಿಷೇಧ ಬಿತ್ತು. ಎನ್‌ಕೌಂಟರುಗಳು ಹೆಚ್ಚಿದವು. ಸತ್ತವರ ದೇಹವನ್ನಾದರೂ ಹೆತ್ತವರಿಗೆ ಕೊಡಿ ಎಂದು ಗದ್ದರ್ ಬೀದಿಗಿಳಿದರು. ಮಗ ಯಾವ ದಾರಿ ಹಿಡಿದಿದ್ದರೂ ಅವನ ಹೆಣದ ಮೇಲೆ ತಾಯಿಗೆ ಹಕ್ಕಿದೆ ಎಂಬ ವಾದ ಅದು. ಸಿದ್ಧಾಂತ ಒಪ್ಪದವರೂ ಈ ಮಾತಿಗೆ ತಲೆದೂಗಿದರು.

1997ರ ಏಪ್ರಿಲ್ 6

ಅಂದು ಅಲ್ವಾಲಿನ ವೆಂಕಟಾಪುರದ ಅವರ ಮನೆಗೆ ಬಂದ ಅಪರಿಚಿತರು ಅವರ ಮೇಲೆ ಗುಂಡು ಹಾರಿಸಿದರು. ಗದ್ದರ್ ಉಳಿಯುವುದೇ ಅನುಮಾನವಾಗಿತ್ತು. ವೈದ್ಯರು ಉಳಿದ ಗುಂಡುಗಳನ್ನು ಹೊರತೆಗೆದರು. ಬೆನ್ನುಹುರಿಯ ಬಳಿ ಹೊಕ್ಕಿದ್ದ ಒಂದನ್ನು ತೆಗೆದರೆ ಜೀವಕ್ಕೇ ಅಪಾಯವೆಂದು ಹಾಗೆಯೇ ಬಿಟ್ಟರು. ಆ ಗುಂಡನ್ನು ಮೈಯೊಳಗೆ ಇಟ್ಟುಕೊಂಡೇ ಅವರು ಮತ್ತೆ ಗೆಜ್ಜೆ ಕಟ್ಟಿದರು. ಅವರ ಕುಣಿತದ ವೇಗ ತಗ್ಗಿತು. ಆದರೆ ದನಿಯ ಕಸುವು ಹಾಗೆಯೇ ಇತ್ತು.

ಇದಾದ ಐದು ವರ್ಷಕ್ಕೆ, 2002ರಲ್ಲಿ, ಸರಕಾರ ಮತ್ತು ಪೀಪಲ್ಸ್ ವಾರ್ ನಡುವೆ ಮಾತುಕತೆಯ ಪ್ರಯತ್ನ ನಡೆದಾಗ ಕವಿ ವರವರರಾವ್ ಅವರೊಂದಿಗೆ ಗದ್ದರ್ ನಕ್ಸಲರ ಪರ ದೂತರಾದರು. 2004ರಲ್ಲಿ ವೈ.ಎಸ್. ರಾಜಶೇಖರ ರೆಡ್ಡಿಯವರ ಸರಕಾರ ಮಾತುಕತೆಗೆ ಕರೆದಾಗಲೂ ಅವರಿಗೆ ಅದೇ ಪಾತ್ರ. ಆ ಅಕ್ಟೋಬರಿನಲ್ಲಿ ಕಾಡಿನಿಂದ ಬಂದ ನಾಯಕರು ಹೈದರಾಬಾದಿನಲ್ಲಿ ಸರಕಾರದ ಎದುರು ಕುಳಿತರು. ಒಪ್ಪಂದವೇನೂ ಆಗಲಿಲ್ಲ, 2005ರ ಆರಂಭದಲ್ಲೇ ಎಲ್ಲವೂ ಮುರಿದುಬಿತ್ತು. ತನ್ನ ಮೈಯಲ್ಲಿ ಗುಂಡಿದ್ದ ಮನುಷ್ಯ ಗುಂಡು ನಿಲ್ಲಿಸುವ ಮಾತುಕತೆಗೆ ಓಡಾಡಿದ್ದು ಮಾತ್ರ ಜನರ ನೆನಪಿನಲ್ಲಿ ಉಳಿಯಿತು.

ತೆಲಂಗಾಣದ ದನಿ

ಗದ್ದರ್ ಅವರ ಬದುಕಿನ ಇನ್ನೊಂದು ಅಧ್ಯಾಯ ಪ್ರತ್ಯೇಕ ತೆಲಂಗಾಣ. 1969ರಲ್ಲಿ ವಿದ್ಯಾರ್ಥಿಯಾಗಿ ಕಂಡ ಕನಸಿಗೆ ಅವರು ಮರಳಿದರು. ಅವರ ಹಾಡುಗಳಲ್ಲಿ ತೆಲಂಗಾಣ ತಾಯಿಯಾದಳು, ಹಸಿದ ಮಕ್ಕಳ ತಾಯಿ. 2002ರಿಂದ 'ಧೂಂ ಧಾಂ' ಎಂಬ ಹಾಡು ಕುಣಿತದ ಸಭೆಗಳು ಜಿಲ್ಲೆ ಜಿಲ್ಲೆಗಳಲ್ಲಿ ನಡೆದವು. ಅಂದೆಶ್ರೀ, ಗೋರಟಿ ವೆಂಕನ್ನ, ವಿಮಲಕ್ಕ, ರಸಮಯಿ ಬಾಲಕಿಷನ್ ಮೊದಲಾದವರ ದೊಡ್ಡ ಹಾಡುಗಾರ ಪೀಳಿಗೆಯೇ ಎದ್ದು ನಿಂತಿತು. ಎಲ್ಲರೂ ಗದ್ದರ್ ಶಿಷ್ಯರೆಂದಲ್ಲ, ಪ್ರತಿಯೊಬ್ಬರದೂ ಸ್ವಂತ ದನಿ. ಆದರೆ ಹಳ್ಳಿಯ ಧಾಟಿಯಲ್ಲಿ ರಾಜಕೀಯ ಮಾತನಾಡಬಹುದು, ಅದನ್ನು ಲಕ್ಷ ಜನ ಕೇಳುತ್ತಾರೆ ಎಂಬ ಧೈರ್ಯ ಕೊಟ್ಟವರಲ್ಲಿ ಗದ್ದರ್ ಮೊದಲ ಸಾಲಿನವರು. 2010ರಲ್ಲಿ ಅವರು ತೆಲಂಗಾಣ ಪ್ರಜಾ ಫ್ರಂಟ್ ಕಟ್ಟಿದರು. 2011ರ 'ಜೈ ಬೋಲೋ ತೆಲಂಗಾಣ' ಚಿತ್ರದಲ್ಲಿ ಅವರು ಹಾಡಿದ, ಮೂಡುವ ಹೊತ್ತಿನ ಜೊತೆ ಹೆಜ್ಜೆ ಹಾಕುವ ಹಾಡು ಚಳವಳಿಯ ಹಾಡೇ ಆಯಿತು. 2014ರ ಜೂನ್ 2ರಂದು ತೆಲಂಗಾಣ ರಾಜ್ಯ ಉದಯವಾಯಿತು.

ಹೊಸ ರಾಜ್ಯದಲ್ಲಿ ಗದ್ದರ್ ಅವರಿಗೆ ಅಧಿಕಾರದ ಕುರ್ಚಿ ಸಿಗಲಿಲ್ಲ. 2019ರ ನವೆಂಬರಿನಲ್ಲಿ ಅವರು ಮಾಡಿದ ಒಂದು ಕೆಲಸ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಸರಕಾರದ ಜಾನಪದ ಕಲಾವಿದರ ಸಂಸ್ಥೆಯಾದ 'ತೆಲಂಗಾಣ ಸಾಂಸ್ಕೃತಿಕ ಸಾರಥಿ'ಯ ಕಚೇರಿಗೆ ಹೋಗಿ, ಕಲಾವಿದನ ಕೆಲಸ ಕೊಡಿ ಎಂದು ಎಪ್ಪತ್ತರ ವಯಸ್ಸಿನಲ್ಲಿ ಅರ್ಜಿ ಸಲ್ಲಿಸಿದರು. ಇದನ್ನು ವ್ಯಂಗ್ಯವೆಂದವರಿದ್ದರು, ಪ್ರತಿಭಟನೆಯೆಂದವರೂ ಇದ್ದರು. ಐದು ವರ್ಷಗಳ ಬಳಿಕ, 2024ರ ನವೆಂಬರಿನಲ್ಲಿ, ಅದೇ ಸಂಸ್ಥೆಯ ಅಧ್ಯಕ್ಷ ಸ್ಥಾನಕ್ಕೆ ಅವರ ಮಗಳು ವೆನ್ನೆಲ ನೇಮಕಗೊಂಡರು.

ಬುಲೆಟ್‌ನಿಂದ ಬ್ಯಾಲೆಟ್‌ಗೆ

ಕೊನೆಯ ವರ್ಷಗಳಲ್ಲಿ ಗದ್ದರ್ ಬದಲಾದರು. 2017ರ ಸುಮಾರಿಗೆ ದೇವಸ್ಥಾನಗಳಿಗೆ ಹೋಗಿ ಪೂಜೆ ಸಲ್ಲಿಸಿದಾಗ ಹಳೆಯ ಸಂಗಾತಿಗಳು ಹುಬ್ಬೇರಿಸಿದರು. ಅಂಬೇಡ್ಕರರ ಸಂವಿಧಾನವನ್ನು ಉಳಿಸಿಕೊಳ್ಳಬೇಕು ಎಂಬುದು ಅವರ ಹೊಸ ಹಾಡಾಯಿತು. ದಶಕಗಳ ಕಾಲ ಚುನಾವಣೆ ಬಹಿಷ್ಕರಿಸಿ ಎಂದು ಹಾಡಿದ ಮನುಷ್ಯ 2018ರ ಡಿಸೆಂಬರ್ 7ರಂದು, ತೆಲಂಗಾಣ ವಿಧಾನಸಭಾ ಚುನಾವಣೆಯಲ್ಲಿ, ಜೀವನದಲ್ಲೇ ಮೊದಲ ಬಾರಿಗೆ ಮತ ಹಾಕಿದರು. 2023ರಲ್ಲಿ 'ಗದ್ದರ್ ಪ್ರಜಾ ಪಾರ್ಟಿ' ಎಂಬ ಹೊಸ ಪಕ್ಷವನ್ನು ಘೋಷಿಸಿದರು. ಅದೇ ಜುಲೈ 2ರಂದು ಖಮ್ಮಂನ ಕಾಂಗ್ರೆಸ್ ಸಭೆಯಲ್ಲಿ ರಾಹುಲ್ ಗಾಂಧಿಯವರನ್ನು ಅಪ್ಪಿಕೊಂಡ ಚಿತ್ರ ಎಲ್ಲೆಡೆ ಪ್ರಕಟವಾಯಿತು. ಅದಾಗಿ ಐದು ವಾರಕ್ಕೆ, ಹೃದ್ರೋಗದ ಶಸ್ತ್ರಚಿಕಿತ್ಸೆಯ ಬಳಿಕ, ಅವರು ಕೊನೆಯುಸಿರೆಳೆದರು.

ಅವರು ದಾರಿ ತಪ್ಪಿದರೆಂದವರು ಎರಡೂ ಕಡೆ ಇದ್ದರು. ಅವರು 2012ರಲ್ಲೇ ಪಕ್ಷಕ್ಕೆ ರಾಜೀನಾಮೆ ಕೊಟ್ಟಿದ್ದರೆಂದು, ಅವರ ಕೊನೆಯ ರಾಜಕೀಯ ನಡೆಯನ್ನು ತಾವು ಒಪ್ಪುವುದಿಲ್ಲವೆಂದು ಮಾವೋವಾದಿ ಪಕ್ಷ ಸಂತಾಪ ಹೇಳಿಕೆಯಲ್ಲೇ ತಿಳಿಸಿತು. ಇನ್ನೊಂದೆಡೆ, ನಕ್ಸಲರ ಕೈಯಲ್ಲಿ ಪೊಲೀಸರು ಪ್ರಾಣ ಕಳೆದುಕೊಂಡಿರುವಾಗ ಅವರ ಹಾಡುಗಾರನಿಗೆ ಸರಕಾರಿ ಗೌರವ ಏಕೆ ಎಂಬ ಆಕ್ಷೇಪವೂ ಎದ್ದಿತು. ಎರಡೂ ಮಾತುಗಳ ಹಿಂದೆ ಸತ್ತವರಿದ್ದಾರೆ. ಆದ್ದರಿಂದ ಎರಡನ್ನೂ ಹಗುರವಾಗಿ ತಳ್ಳಿಹಾಕಲಾಗದು.

ಆಗಸ್ಟ್ 7ರಂದು ಎಲ್.ಬಿ. ಕ್ರೀಡಾಂಗಣದಿಂದ ಅಲ್ವಾಲ್‌ವರೆಗೆ ಪಾರ್ಥಿವ ಶರೀರದ ಮೆರವಣಿಗೆ ನಡೆಯಿತು. ದಾರಿಯುದ್ದಕ್ಕೂ ಡಪ್ಪು, ಹಾಡು. ಆ ಜನಜಂಗುಳಿಯಲ್ಲಿ ಅವರ ಗೆಳೆಯ, 'ಸಿಯಾಸತ್' ಉರ್ದು ಪತ್ರಿಕೆಯ ಜಹೀರುದ್ದೀನ್ ಅಲಿ ಖಾನ್ ಕುಸಿದು ಬಿದ್ದು ಅಸುನೀಗಿದರು. ಗದ್ದರ್ ತಾವೇ ಕಟ್ಟಿದ ಮಹಾಬೋಧಿ ವಿದ್ಯಾಲಯದ ಅಂಗಳದಲ್ಲಿ, ಮಕ್ಕಳು ಓದುವ ಜಾಗದಲ್ಲಿ, ಬೌದ್ಧ ವಿಧಿಯಂತೆ ಮಣ್ಣಾದರು.

ನಿರಾಕರಿಸಿದ ಪ್ರಶಸ್ತಿಗೆ ಅವರದೇ ಹೆಸರು

1995ರ 'ಒರೇಯ್ ರಿಕ್ಷಾ' ಚಿತ್ರಕ್ಕೆ ಗದ್ದರ್ ಅಣ್ಣ ತಂಗಿಯ ಹಾಡೊಂದನ್ನು ಬರೆದಿದ್ದರು. ವಂದೇಮಾತರಂ ಶ್ರೀನಿವಾಸ್ ಹಾಡಿದ ಆ ಹಾಡು ಕೇಳಿ ತವರು ನೆನೆದು ಅತ್ತ ಹೆಣ್ಣುಮಕ್ಕಳು ಅದೆಷ್ಟೋ. ಆಂಧ್ರ ಸರಕಾರ ಅದಕ್ಕೆ ತನ್ನ ಪ್ರತಿಷ್ಠಿತ ನಂದಿ ಪ್ರಶಸ್ತಿ ಘೋಷಿಸಿತು. ಗದ್ದರ್ ಅದನ್ನು ನಿರಾಕರಿಸಿದರು.

2024ರ ಜನವರಿ 31ರಂದು, ಗದ್ದರ್ ಜನ್ಮದಿನದ ಸಮಾರಂಭದಲ್ಲಿ, ಮುಖ್ಯಮಂತ್ರಿ ರೇವಂತ್ ರೆಡ್ಡಿ ಒಂದು ಘೋಷಣೆ ಮಾಡಿದರು. ತೆಲಂಗಾಣದಲ್ಲಿ ನಂದಿ ಪ್ರಶಸ್ತಿಯ ಜಾಗದಲ್ಲಿ ಇನ್ನು ಗದ್ದರ್ ಪ್ರಶಸ್ತಿ. 2025ರ ಜೂನ್ 14ರಂದು ಹೈದರಾಬಾದಿನ ಹೈಟೆಕ್ಸ್‌ನಲ್ಲಿ ಮೊದಲ ಗದ್ದರ್ ಚಲನಚಿತ್ರ ಪ್ರಶಸ್ತಿ ಪ್ರದಾನ ನಡೆಯಿತು. ಅಲ್ಲು ಅರ್ಜುನರಂಥ ಕೋಟಿ ಸಂಭಾವನೆಯ ತಾರೆಯರು ರಿಕ್ಷಾವಾಲಾನ ಹಾಡುಗಾರನ ಹೆಸರಿನ ಸ್ಮರಣಿಕೆ ಹಿಡಿದು ನಕ್ಕರು. ಅದಕ್ಕೆ ಮೂರೇ ವಾರ ಹಿಂದೆ, ಮೇ 21ರಂದು, ಛತ್ತೀಸ್‌ಗಢದ ಕಾಡಿನಲ್ಲಿ ಮಾವೋವಾದಿ ಪಕ್ಷದ ಪ್ರಧಾನ ಕಾರ್ಯದರ್ಶಿ ನಂಬಾಲ ಕೇಶವರಾವ್ ಭದ್ರತಾ ಪಡೆಗಳ ಕಾರ್ಯಾಚರಣೆಯಲ್ಲಿ ಹತರಾಗಿದ್ದರು. ಒಂದು ಕಾಲಕ್ಕೆ ಜೊತೆಯಾಗಿ ಹೊರಟ ಬಂದೂಕು ಮತ್ತು ಹಾಡು ಎಲ್ಲೆಲ್ಲಿಗೆ ಬಂದು ಮುಟ್ಟಿದವು ಎಂಬುದನ್ನು ಈ ಎರಡು ದಿನಾಂಕಗಳೇ ಹೇಳುತ್ತವೆ.

ಎಲ್ಲರೂ ಒಪ್ಪಿದರೆಂದಲ್ಲ. 2025ರ ಪದ್ಮ ಪ್ರಶಸ್ತಿಗೆ ತೆಲಂಗಾಣ ಸರಕಾರ ಗದ್ದರ್ ಹೆಸರನ್ನು ಶಿಫಾರಸು ಮಾಡಿತ್ತು, ಆದರೆ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ನಕ್ಸಲ್ ಹಿಂಸೆಯಲ್ಲಿ ತಮ್ಮ ಕಾರ್ಯಕರ್ತರನ್ನು ಕಳೆದುಕೊಂಡ ಬಿಜೆಪಿಯ ಕೇಂದ್ರ ಸಚಿವ ಬಂಡಿ ಸಂಜಯ್ ಅದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಮೊದಲೊಮ್ಮೆ ಪ್ರಶಸ್ತಿಯನ್ನೇ ಬೇಡವೆಂದವರಿಗೆ ಪ್ರಶಸ್ತಿ ಕೊಡಬೇಕೆ ಬೇಡವೆ ಎಂದು ಸರಕಾರಗಳೇ ಜಗಳವಾಡಿದ್ದನ್ನು ಕಂಡಿದ್ದರೆ, ಗದ್ದರ್ ಅದನ್ನೂ ಒಂದು ಹಾಡು ಮಾಡುತ್ತಿದ್ದರೋ ಏನೋ.

ಉಳಿದದ್ದು

ಪಕ್ಷ ಬದಲಾಯಿತು, ನಂಬಿಕೆ ಬದಲಾಯಿತು, ಸರಕಾರಗಳು ಬಂದು ಹೋದವು. ಐವತ್ತು ವರ್ಷಗಳ ಉದ್ದಕ್ಕೂ ಬದಲಾಗದೆ ಉಳಿದದ್ದು ಒಂದೇ. ಹೊಲದಲ್ಲಿ, ಗಣಿಯಲ್ಲಿ, ರಿಕ್ಷಾದ ಮೇಲೆ ದುಡಿಯುವವರ ಧಾಟಿ ಅವರದೇ ಆಸ್ತಿ, ಅದರಲ್ಲಿ ಅವರ ಕಷ್ಟವನ್ನೇ ಹಾಡಬೇಕು ಎಂಬ ಹಟ. ಗದ್ದರ್ ರಾಜಕೀಯವನ್ನು ಒಪ್ಪದ ಮನೆಗಳಲ್ಲೂ ಅವರ ಹಾಡು ಬಾಯಿಗೆ ಬರುವುದು ಈ ಕಾರಣಕ್ಕೆ.

ಹೊರನಾಡಿನ ನಮ್ಮ ಸಂಘಗಳ ರಾಜ್ಯೋತ್ಸವಗಳಲ್ಲೂ ಜಾನಪದಕ್ಕೆ ಜಾಗವಿದೆ. ಡೊಳ್ಳು, ಕಂಸಾಳೆ, ಕೋಲಾಟ ತಪ್ಪದೆ ಇರುತ್ತವೆ, ಹತ್ತು ನಿಮಿಷದ ಒಂದು 'ಐಟಂ' ಆಗಿ. ಮಕ್ಕಳಿಗೆ ಕಂಬಳಿ ಹೊದಿಸಿ, ಗೆಜ್ಜೆ ಕಟ್ಟಿಸಿ ಕುಣಿಸುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಆ ಕಂಬಳಿ ಯಾರದು, ಆ ಹಲಗೆ ಬಾರಿಸುತ್ತಿದ್ದ ಕೈ ಯಾವುದು, ಆ ಪದ ಯಾವ ದುಡಿಮೆಯ ನಡುವೆ ಹುಟ್ಟಿತು ಎಂದು ಹೇಳಿಕೊಡುವುದು ಕಡಿಮೆ. ಹೋಟೆಲಿನ ಅಡುಗೆಮನೆಯಲ್ಲಿ, ಗಿರಣಿಯ ಪಾಳಿಯಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ, ಸಂಘ ಕಟ್ಟಿದ ನಮ್ಮ ಮೊದಲ ತಲೆಮಾರಿನವರಿಗೆ ಅದು ಗೊತ್ತಿತ್ತು.

ಮುಂದಿನ ಸಲ ವೇದಿಕೆಯ ಮೇಲೆ ಹಲಗೆಯ ಸದ್ದು ಕೇಳಿದಾಗ ಈ ಮಾತನ್ನು ಮಕ್ಕಳ ಕಿವಿಗೆ ಹಾಕಿದರೆ ಸಾಕು. ಕೆನರಾ ಬ್ಯಾಂಕಿನ ಕುರ್ಚಿ ಬಿಟ್ಟು ಬೀದಿಗೆ ಇಳಿದ ತೂಪ್ರಾನಿನ ಆ ಹಾಡುಗಾರನಿಗೆ ಕನ್ನಡಿಗರು ಸಲ್ಲಿಸಬಹುದಾದ ಗೌರವ ಅದಕ್ಕಿಂತ ದೊಡ್ಡದಿಲ್ಲ.